ಕೆಟ್ಟ ಟಿ.ವಿ.ಯನ್ನು ಎಸೆಯುವ ಮುನ್ನ

ಮಲೆನಾಡಿನಲ್ಲಿ ಟಿ.ವಿ.ಗಳು ಕೆಡುವುದಕ್ಕೂ ಒಂದು ಋತುಮಾನವಿದೆ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ತಾಲ್ಲೂಕು ಕೇಂದ್ರಗಳ ರಿಪೇರಿ ಅಂಗಡಿಗಳಿಗೆ ಹಳೆಯ ಕಂಬಳಿ, ಗೋಣಿಚೀಲಗಳಲ್ಲಿ ಸುತ್ತಿದ ಟಿ.ವಿ.ಗಳು ಬಸ್ಸು, ಜೀಪುಗಳಲ್ಲಿ ಬಂದಿಳಿಯುತ್ತವೆ. ಸಿಡಿಲಿನ ಹೊಡೆತಕ್ಕೆ ಸಿಕ್ಕಿದವು ಕೆಲವು, ಮಳೆಗಾಲದ ಥಂಡಿ ಹಿಡಿದವು ಕೆಲವು, ಇರುವೆ, ಹಲ್ಲಿಗಳ ಕಾಟಕ್ಕೆ ಒಳಗಾದವು ಕೆಲವು, ಬರಿಯ ವಯಸ್ಸಿನಿಂದಲೇ ಸೋತವು ಇನ್ನು ಕೆಲವು. ತಂದವರ ಪ್ರಶ್ನೆ ಒಂದೇ: ಸರಿಯಾಗುತ್ತದೆಯೇ? ಅಂಗಡಿಯವರ ಉತ್ತರವೂ ಇತ್ತೀಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಒಂದೇ: ಇದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದು ಕೊಳ್ಳುವುದೇ ಲಾಭ.

ಈ ಮಾತು ಕೆಲವು ಸಲ ಸತ್ಯ, ಅನೇಕ ಸಲ ಅರ್ಧಸತ್ಯ. ಯಾವಾಗ ಸತ್ಯ, ಯಾವಾಗ ಅಲ್ಲ ಎಂಬುದನ್ನು ತಿಳಿಯುವ ಶಕ್ತಿ ಟಿ.ವಿ.ಯ ಒಡೆಯನ ಕೈಯಲ್ಲಿ ಇಲ್ಲದಿರುವುದೇ ಇಲ್ಲಿನ ಮುಖ್ಯ ಸಮಸ್ಯೆ. ರೋಗ ಯಾವುದೆಂದು ಗೊತ್ತಿಲ್ಲದವನು ಔಷಧದ ಬೆಲೆಯನ್ನು ಚರ್ಚಿಸಲಾರ. ಹೀಗಾಗಿ ಎಂಟು ಹತ್ತು ವರ್ಷ ನಡೆದ, ಇನ್ನೂ ಮೂರು ನಾಲ್ಕು ವರ್ಷ ನಡೆಯಬಹುದಾಗಿದ್ದ ಉಪಕರಣವೊಂದು ಅಟ್ಟ ಸೇರುತ್ತದೆ; ಅಟ್ಟದಿಂದ ಗುಜರಿಗೆ ಹೋಗುತ್ತದೆ; ಗುಜರಿಯವನು ಬೇಡವೆಂದು ಬಿಟ್ಟ ಭಾಗ ಹಳ್ಳದ ದಂಡೆಗೆ ಬೀಳುತ್ತದೆ. ಮನೆಯೊಳಗಿನ ಒಂದು ಸಣ್ಣ ತೀರ್ಮಾನ ಹೀಗೆ ಊರಿನ ನೀರಿನ ಪ್ರಶ್ನೆಯಾಗಿ ಬೆಳೆಯುತ್ತದೆ. ಪರಿಸರ ಚಳವಳಿಯು ಅಣೆಕಟ್ಟು, ಗಣಿ, ನೆಡುತೋಪುಗಳ ಬಗ್ಗೆ ಮಾತನಾಡಿದಷ್ಟೇ ಗಂಭೀರವಾಗಿ ಕೆಟ್ಟ ಟಿ.ವಿ.ಯ ಬಗ್ಗೆಯೂ ಮಾತನಾಡಬೇಕಾದ ಕಾಲ ಬಂದಿದೆ.

ಮೊದಲು ರೋಗ ತಿಳಿಯಬೇಕು

ಟಿ.ವಿ. ಕೆಟ್ಟಿದೆ ಎಂಬ ದೂರಿನಲ್ಲಿ ಒಂದು ಪಾಲು ಟಿ.ವಿ.ಗೆ ಸಂಬಂಧಿಸಿದ್ದೇ ಅಲ್ಲ. ಪ್ಲಗ್ಗಿನ ಸಡಿಲ ಸಂಪರ್ಕ, ಸುಟ್ಟ ಎಕ್ಸ್‌ಟೆನ್ಷನ್ ಬೋರ್ಡು, ಕೆಟ್ಟ ಸ್ಟೆಬಿಲೈಸರ್, ಗಾಳಿಗೆ ದಿಕ್ಕು ತಪ್ಪಿದ ಡಿಶ್, ನೀರು ಇಳಿದ ಕೇಬಲ್ ತುದಿ, ಸೆಟ್‌ಟಾಪ್ ಬಾಕ್ಸಿನ ಸೋತ ಅಡಾಪ್ಟರ್, ಇವೆಲ್ಲವೂ ಟಿ.ವಿ.ಯ ತಲೆಗೇ ಕಟ್ಟಲ್ಪಡುತ್ತವೆ. ದೂರದರ್ಶನದ ಹಳೆಯ ಮಾದರಿಯ ಭೂಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು 2022ರ ಹೊತ್ತಿಗೆ ಹಂತಹಂತವಾಗಿ ಮುಚ್ಚಲಾಯಿತು. ಮಾಡಿನ ಮೇಲಿನ ಅಲ್ಯೂಮಿನಿಯಂ ಆಂಟೆನಾವನ್ನೇ ನಂಬಿದ್ದ ಹಳೆಯ ಟಿ.ವಿ.ಗಳು ಅಂದು ಏಕಾಏಕಿ ಮೌನವಾದವು. ಅವುಗಳಲ್ಲಿ ದೋಷವೇನೂ ಇರಲಿಲ್ಲ. ಡಿ.ಡಿ. ಫ್ರೀ ಡಿಶ್‌ನ ಒಂದು ಬಾಕ್ಸು ಜೋಡಿಸಿದ್ದರೆ ಅವು ಮತ್ತೆ ಮಾತನಾಡುತ್ತಿದ್ದವು.

ಆದ್ದರಿಂದ ಮೊದಲ ಪರೀಕ್ಷೆ ಹೊರಗಿನಿಂದ ಆರಂಭವಾಗಬೇಕು. ಅದೇ ಪ್ಲಗ್ಗಿಗೆ ಬೇರೊಂದು ದೀಪ ಹಾಕಿ ನೋಡುವುದು, ಸ್ಟೆಬಿಲೈಸರನ್ನು ಬದಿಗಿಟ್ಟು ನೇರವಾಗಿ ಜೋಡಿಸುವುದು, ಪಕ್ಕದ ಮನೆಯ ಸೆಟ್‌ಟಾಪ್ ಬಾಕ್ಸನ್ನು ತಂದು ಹಚ್ಚುವುದು, ರಿಮೋಟಿನ ಬದಲು ಟಿ.ವಿ.ಯ ಮೈಮೇಲಿನ ಗುಂಡಿಯಿಂದಲೇ ಚಾಲೂ ಮಾಡುವುದು, ಇವಿಷ್ಟಕ್ಕೆ ಯಾವ ವಿದ್ಯೆಯೂ ಬೇಡ, ಖರ್ಚೂ ಇಲ್ಲ.

ದೋಷ ಟಿ.ವಿ.ಯೊಳಗೇ ಇದೆ ಎಂದು ಖಚಿತವಾದ ಮೇಲೆ ಅದರ ಲಕ್ಷಣಗಳನ್ನು ಓದಬಹುದು. ಇಂದಿನ ಎಲ್‌ಇಡಿ ಟಿ.ವಿ.ಯೊಳಗೆ ಮುಖ್ಯವಾಗಿ ನಾಲ್ಕು ಅಂಗಗಳಿವೆ: ಮನೆಯ ವಿದ್ಯುತ್ತನ್ನು ಬೇಕಾದ ಪ್ರಮಾಣಕ್ಕೆ ಇಳಿಸಿ ಹಂಚುವ ಪವರ್ ಬೋರ್ಡ್, ಚಿತ್ರ ಮತ್ತು ಧ್ವನಿಯನ್ನು ಸಂಸ್ಕರಿಸುವ ಮದರ್ ಬೋರ್ಡ್, ಚಿತ್ರ ಮೂಡುವ ಪ್ಯಾನೆಲ್, ಮತ್ತು ಆ ಪ್ಯಾನೆಲ್ಲಿಗೆ ಹಿಂದಿನಿಂದ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳು. ನಾಲ್ಕರ ಬೆಲೆಯೂ ಬೇರೆ, ಆಯುಸ್ಸೂ ಬೇರೆ.

ಮುಂಭಾಗದ ಕೆಂಪು ದೀಪವೇ ಹತ್ತದಿದ್ದರೆ ಸಂಶಯ ಪವರ್ ಬೋರ್ಡಿನ ಮೇಲೆ. ಅಲ್ಲಿ ಫ್ಯೂಸು ಹೋಗಿರಬಹುದು, ಇಲ್ಲವೇ ಕೆಪಾಸಿಟರುಗಳೆಂಬ ಪುಟ್ಟ ಡಬ್ಬಿಗಳ ತಲೆ ಉಬ್ಬಿರಬಹುದು. ಈ ಕೆಪಾಸಿಟರುಗಳೊಳಗಿನ ದ್ರವ ಶಾಖಕ್ಕೆ ನಿಧಾನವಾಗಿ ಒಣಗುತ್ತದೆ. ಸುಮಾರು ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಅವುಗಳ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಲೆಕ್ಕಾಚಾರ. ಬದಲಾಯಿಸಬೇಕಾದ ಬಿಡಿಭಾಗದ ಬೆಲೆ ಹತ್ತಾರು ರೂಪಾಯಿ. ಉಳಿದದ್ದು ಕೈಕೆಲಸದ ಕೂಲಿ.

ಕೆಂಪು ದೀಪ ಹತ್ತಿ, ಧ್ವನಿಯೂ ಬಂದು, ಪರದೆ ಮಾತ್ರ ಕತ್ತಲಾಗಿದ್ದರೆ ಒಂದು ಸರಳ ಪರೀಕ್ಷೆ ಇದೆ. ಕೋಣೆಯನ್ನು ಕತ್ತಲು ಮಾಡಿ, ಟಿ.ವಿ. ಚಾಲೂ ಇರುವಾಗಲೇ ಪರದೆಯ ಹತ್ತಿರ ಓರೆಯಾಗಿ ಟಾರ್ಚ್ ಹಿಡಿಯಬೇಕು. ಮಸುಕಾಗಿ ಚಿತ್ರಗಳು ಚಲಿಸುವುದು ಕಂಡರೆ ಪ್ಯಾನೆಲ್ಲೂ ಮದರ್ ಬೋರ್ಡೂ ಜೀವಂತವಾಗಿವೆ, ಹಿಂದಿನ ಬೆಳಕು ಮಾತ್ರ ಆರಿದೆ ಎಂದರ್ಥ. ಎಲ್‌ಇಡಿ ಪಟ್ಟಿಯ ದೀಪಗಳನ್ನು ಸಾಮಾನ್ಯವಾಗಿ ಹಬ್ಬದ ಸರದ ದೀಪಗಳಂತೆ ಒಂದರ ಹಿಂದೊಂದು ಪೋಣಿಸಿರುತ್ತಾರೆ. ಅದರಲ್ಲಿ ಒಂದೇ ಒಂದು ದೀಪ ಕಡಿದರೂ ಇಡೀ ಸರ ಆರಿಹೋಗುತ್ತದೆ. ಹಳತಾದ ಎಲ್‌ಇಡಿ ಟಿ.ವಿ.ಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ದೋಷಗಳಲ್ಲಿ ಇದೂ ಒಂದು. ದುರಸ್ತಿಗೆ ಯೋಗ್ಯವಾದುದೂ ಹೌದು. ಆದರೆ ಪರದೆ ಕಪ್ಪಾದ ಕೂಡಲೇ ಪ್ಯಾನೆಲ್ ಹೋಯಿತು ಎಂದು ಹೇಳಿಬಿಡುವುದು ಎಷ್ಟು ಸುಲಭ! ಒಂದು ಟಾರ್ಚಿನ ಬೆಳಕು ಇಂಥಲ್ಲಿ ಸಾವಿರಾರು ರೂಪಾಯಿಗಳ ಪ್ರಶ್ನೆಯನ್ನು ಇತ್ಯರ್ಥಗೊಳಿಸುತ್ತದೆ.

ಟಿ.ವಿ. ಚಾಲೂ ಆಗಿ ಕಂಪನಿಯ ಹೆಸರಿನಲ್ಲೇ ನಿಂತುಬಿಟ್ಟರೆ, ಮತ್ತೆ ಮತ್ತೆ ತಾನೇ ಆರಿ ಹತ್ತುತ್ತಿದ್ದರೆ ಮದರ್ ಬೋರ್ಡಿನ ಅಥವಾ ಅದರ ತಂತ್ರಾಂಶದ ದೋಷವನ್ನು ಶಂಕಿಸಬೇಕು. ಪವರ್ ಬೋರ್ಡ್ ದುರ್ಬಲವಾದಾಗಲೂ ಹೀಗಾಗುವುದುಂಟು. ಸಿಡಿಲು ಕೇಬಲ್ ಮೂಲಕ ಬಂದಿದ್ದರೆ ಮೊದಲು ಪೆಟ್ಟು ತಿನ್ನುವುದು ಆ ಕೇಬಲ್ ಬಂದು ಸೇರುವ ಮದರ್ ಬೋರ್ಡೇ. ಪರದೆಯ ಮೇಲೆ ಲಂಬವಾದ ಬಣ್ಣದ ಗೆರೆಗಳು ಮೂಡಿದರೆ, ಒಂದು ಭಾಗ ಮಾತ್ರ ಬೆಳ್ಳಗಾದರೆ, ಗಾಜು ಒಡೆದು ಶಾಯಿ ಚೆಲ್ಲಿದಂತೆ ಕಂಡರೆ ದೋಷ ಬಹುಶಃ ಪ್ಯಾನೆಲ್ಲಿನದು. ಇಡೀ ಟಿ.ವಿ.ಯಲ್ಲಿ ಅತ್ಯಂತ ದುಬಾರಿಯಾದ ಅಂಗ ಅದೇ.

ಇನ್ನು ಹಿಂಬದಿ ಉಬ್ಬಿದ ಪಿಕ್ಚರ್ ಟ್ಯೂಬಿನ ಟಿ.ವಿ.ಗಳು ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿವೆ. ಚಿತ್ರವೆಲ್ಲ ಕುಗ್ಗಿ ನಡುವೆ ಒಂದೇ ಅಡ್ಡಗೆರೆಯಾದರೆ ಅದು ಚಿತ್ರವನ್ನು ಮೇಲೆ ಕೆಳಗೆ ಹರಡುವ ಭಾಗದ ದೋಷ. ಸಡಿಲಗೊಂಡ ಬೆಸುಗೆಯೋ ಒಂದು ಐ.ಸಿ.ಯೋ ಕಾರಣವಾಗಿರುತ್ತದೆ. ತಟ್ಟಿದರೆ ಸರಿಯಾಗಿ ಮತ್ತೆ ಕೆಡುವ ಟಿ.ವಿ.ಯ ರೋಗವೂ ಬಹುತೇಕ ಬೆಸುಗೆಯದೇ. ಆದರೆ ಚಿತ್ರ ವರ್ಷದಿಂದ ವರ್ಷಕ್ಕೆ ಮಂಕಾಗಿ, ಬಣ್ಣಗಳು ಕಲಸಿಹೋಗಿದ್ದರೆ ಟ್ಯೂಬೇ ಮುಪ್ಪಾಗಿದೆ ಎಂದು ತಿಳಿಯಬೇಕು. ಅಂಥ ಟ್ಯೂಬುಗಳ ತಯಾರಿಕೆ ನಿಂತು ವರ್ಷಗಳೇ ಸಂದಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಲಕ್ಷಣ ಓದುವುದು ಬೇರೆ, ಹಿಂಬದಿಯ ಮುಚ್ಚಳ ಬಿಚ್ಚುವುದು ಬೇರೆ. ಟ್ಯೂಬಿನ ಟಿ.ವಿ.ಯೊಳಗೆ ಇಪ್ಪತ್ತು ಇಪ್ಪತ್ತೈದು ಸಾವಿರ ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ಅದರ ಅಂಶ ಟ್ಯೂಬಿನಲ್ಲಿ ಉಳಿದಿರುತ್ತದೆ. ಎಲ್‌ಇಡಿ ಟಿ.ವಿ.ಯ ಪವರ್ ಬೋರ್ಡಿನಲ್ಲೂ ಮುನ್ನೂರು ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ತು ಕೆಲಕಾಲ ನಿಂತಿರುತ್ತದೆ. ಕುತೂಹಲದ ವಿದ್ಯಾರ್ಥಿಗಳು ಈ ವಿದ್ಯೆಯನ್ನು ಕಲಿಯಲೇಬೇಕು, ಆದರೆ ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು.

ತೀರ್ಮಾನಕ್ಕೆ ಒಂದು ಲೆಕ್ಕ

ದುರಸ್ತಿಯ ಖರ್ಚು ಹೊಸ ಟಿ.ವಿ.ಯ ಅರ್ಧ ಬೆಲೆ ಮೀರಿದರೆ ಬಿಟ್ಟುಬಿಡಿ ಎಂಬ ರೂಢಿಯ ಸೂತ್ರವೊಂದಿದೆ. ಇದು ಸುಲಭವಾದರೂ ಒರಟು ಸೂತ್ರ. ದುರಸ್ತಿಯಾದ ಮೇಲೆ ಟಿ.ವಿ. ಎಷ್ಟು ಕಾಲ ನಡೆದೀತು ಎಂಬ ಮುಖ್ಯ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. ಅದಕ್ಕಿಂತ ಉತ್ತಮವಾದುದು ವರ್ಷವೊಂದಕ್ಕೆ ತಗಲುವ ವೆಚ್ಚದ ಲೆಕ್ಕ.

ಉದಾಹರಣೆಗೆ, ಏಳು ವರ್ಷ ಹಳೆಯ 32 ಇಂಚಿನ ಟಿ.ವಿ.ಯೊಂದರ ಎಲ್‌ಇಡಿ ಪಟ್ಟಿ ಹೋಗಿದೆ ಎಂದುಕೊಳ್ಳೋಣ. ದುರಸ್ತಿಗೆ 2,000 ರೂಪಾಯಿ ಕೇಳಿದರು, ಮೂರು ವರ್ಷವಾದರೂ ನಡೆಯುವ ಭರವಸೆಯಿದೆ. ಅಂದರೆ ವರ್ಷಕ್ಕೆ ಸುಮಾರು 670 ರೂಪಾಯಿ. ಹೊಸ ಟಿ.ವಿ.ಗೆ 12,000 ರೂಪಾಯಿ, ಎಂಟು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ 1,500. ಇಲ್ಲಿ ದುರಸ್ತಿಯೇ ಲಾಭವೆಂದು ಹೇಳಲು ಅರ್ಥಶಾಸ್ತ್ರಜ್ಞರು ಬೇಕಿಲ್ಲ. ಅದೇ ಟಿ.ವಿ.ಯ ಮದರ್ ಬೋರ್ಡ್ ಹೋಗಿ 4,500 ರೂಪಾಯಿ ಕೇಳಿದರೆ, ಎರಡು ವರ್ಷವಷ್ಟೇ ನಡೆಯುವಂತಿದ್ದರೆ, ವರ್ಷಕ್ಕೆ 2,250 ರೂಪಾಯಿ ಆಯಿತು. ಅರ್ಧ ಬೆಲೆಯ ಸೂತ್ರದ ಪ್ರಕಾರ ದುರಸ್ತಿ ಮಾಡಿಸಬಹುದು. ವರ್ಷದ ಲೆಕ್ಕದ ಪ್ರಕಾರ ಮಾಡಿಸಬಾರದು. ಪ್ಯಾನೆಲ್ ಒಡೆದಿದ್ದರೆ ಲೆಕ್ಕ ಹಾಕುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ. ಬೆಲೆಗಳು ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಈ ಲೆಕ್ಕಕ್ಕೆ ಎರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳಬೇಕು. ಹಾಕುವ ಬಿಡಿಭಾಗ ಹೊಸದೋ, ಬೇರೊಂದು ಟಿ.ವಿ.ಯಿಂದ ತೆಗೆದದ್ದೋ? ಎಷ್ಟು ತಿಂಗಳ ಖಾತರಿ ಕೊಡುತ್ತಾರೆ? ಎಲ್‌ಇಡಿ ಪಟ್ಟಿಗಳಲ್ಲಿ ಸುಟ್ಟ ಒಂದು ದೀಪವನ್ನಷ್ಟೇ ಬದಲಿಸಿದರೆ ಅದರ ಓರಗೆಯ ಉಳಿದವು ಕೆಲವೇ ತಿಂಗಳಲ್ಲಿ ಸರದಿಯಂತೆ ಆರಬಹುದು. ಇಡೀ ಪಟ್ಟಿಗಳನ್ನು ಬದಲಿಸುವುದೇ ಮೇಲು. ತೆಗೆದ ಹಳೆಯ ಬೋರ್ಡನ್ನು ಕೇಳಿ ನೋಡುವ ಹಕ್ಕು ಒಡೆಯನಿಗಿದೆ. ಪ್ರಾಮಾಣಿಕ ಮೆಕ್ಯಾನಿಕ್ ಅದನ್ನು ತೋರಿಸಲು ಹಿಂಜರಿಯುವುದಿಲ್ಲ.

ಹಳೆಯ ಟಿ.ವಿ. ಹೆಚ್ಚು ಕರೆಂಟು ತಿನ್ನುತ್ತದೆ, ಹೊಸದನ್ನು ಕೊಂಡರೆ ಪರಿಸರಕ್ಕೇ ಒಳ್ಳೆಯದು ಎಂಬ ವಾದವೂ ಇದೆ. ಇದನ್ನು ತಳ್ಳಿಹಾಕದೆ ಅಳೆದು ನೋಡುವುದು ಸರಿ. 90 ವಾಟಿನ ಟ್ಯೂಬ್ ಟಿ.ವಿ.ಯನ್ನು ದಿನಕ್ಕೆ ನಾಲ್ಕು ಗಂಟೆ ನೋಡಿದರೆ ವರ್ಷಕ್ಕೆ ಸುಮಾರು 131 ಯೂನಿಟ್ ಖರ್ಚು. 50 ವಾಟಿನ 32 ಇಂಚಿನ ಎಲ್‌ಇಡಿ ಟಿ.ವಿ.ಗೆ 73 ಯೂನಿಟ್. ಉಳಿತಾಯ 58 ಯೂನಿಟ್. ಇದು ನಿಜವಾದ ಉಳಿತಾಯವೇ. ಆದ್ದರಿಂದ ಮುಪ್ಪಾದ ಟ್ಯೂಬಿನ ಟಿ.ವಿ.ಗೆ ದೊಡ್ಡ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಆದರೆ ಹಳೆಯ ಎಲ್‌ಇಡಿಯ ಜಾಗಕ್ಕೆ ಅದೇ ಅಳತೆಯ ಹೊಸ ಎಲ್‌ಇಡಿ ಬಂದರೆ ವ್ಯತ್ಯಾಸ ಅತ್ಯಲ್ಪ. ಅದರ ಬದಲು 110 ವಾಟಿನ 55 ಇಂಚಿನ ಟಿ.ವಿ. ಬಂದರೆ ವರ್ಷಕ್ಕೆ 160 ಯೂನಿಟ್ ಆಗಿ, ಹಳೆಯ ಟ್ಯೂಬ್ ಟಿ.ವಿ.ಯನ್ನೂ ಮೀರಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ.ಯನ್ನು ಶೇಕಡ 28ರಿಂದ 18ಕ್ಕೆ ಇಳಿಸಲಾಯಿತು. ದೊಡ್ಡ ಪರದೆಯ ಆಸೆಗೆ ಸರ್ಕಾರವೇ ರಿಯಾಯಿತಿ ಕೊಟ್ಟಂತಾಯಿತು. ಹಳತನ್ನು ಉಳಿಸಿಕೊಳ್ಳುವವನಿಗೆ ಅಂಥ ರಿಯಾಯಿತಿ ಎಲ್ಲಿದೆ?

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಅಡಿಕೆ ಹಾಳೆ ಎಸೆದರೆ ಗೊಬ್ಬರವಾಗುತ್ತದೆ. ಟಿ.ವಿ. ಎಸೆದರೆ ಏನಾಗುತ್ತದೆ? ಪಿಕ್ಚರ್ ಟ್ಯೂಬಿನ ಹಿಂಬದಿಯ ಗಾಜಿನಲ್ಲಿ ಸೀಸದ ಆಕ್ಸೈಡ್ ಐದನೆಯ ಒಂದು ಪಾಲಿನಷ್ಟಿರುತ್ತದೆ. ನೋಡುವವರನ್ನು ಕ್ಷಕಿರಣದಿಂದ ಕಾಪಾಡಲೆಂದೇ ಅದನ್ನು ಬೆರೆಸಿದ್ದರು. ಮನೆಯಲ್ಲಿದ್ದಾಗ ರಕ್ಷಕವಾಗಿದ್ದ ಆ ಸೀಸ, ಟ್ಯೂಬ್ ಒಡೆದು ಮಣ್ಣಿಗೆ ಬಿದ್ದಾಗ ಭಕ್ಷಕವಾಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಸರ್ವವಿದಿತ. ಮೊದಲ ತಲೆಮಾರಿನ ಎಲ್‌ಸಿಡಿ ಟಿ.ವಿ.ಗಳ ಹಿಂದಿನ ಬೆಳಕು ಸಣ್ಣ ಟ್ಯೂಬ್‌ಲೈಟುಗಳಿಂದ ಬರುತ್ತಿತ್ತು. ಅವುಗಳಲ್ಲಿ ತಲಾ ಕೆಲವು ಮಿಲಿಗ್ರಾಂ ಪಾದರಸವಿದೆ. ಎಲ್‌ಇಡಿ ಟಿ.ವಿ.ಯಲ್ಲಿ ಪಾದರಸವಿಲ್ಲ, ಆದರೆ ಬೋರ್ಡುಗಳೂ ಪ್ಲಾಸ್ಟಿಕ್ಕೂ ಇವೆ. ತಾಮ್ರದ ಆಸೆಗೆ ಕೇಬಲ್ಲುಗಳನ್ನು ದರಕಿನ ರಾಶಿಗೆ ಹಾಕಿ ಸುಟ್ಟರೆ ಪಿ.ವಿ.ಸಿ.ಯಿಂದ ಡಯಾಕ್ಸಿನ್‌ಗಳೆಂಬ ಘೋರ ವಿಷಗಳು ಹೊಮ್ಮುತ್ತವೆ.

ಗುಜರಿಗೆ ಕೊಟ್ಟರೆ ಪಾಪ ಕಳೆಯಿತೇ? ಗುಜರಿಯವರು ಸಮಾಜಕ್ಕೆ ಮಾಡುವ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೂಕದ ಮೇಲೆ ನಡೆಯುವ ಆ ವ್ಯಾಪಾರದಲ್ಲಿ ವಿಷಕ್ಕೆ ಬೆಲೆಯಿಲ್ಲ, ತಾಮ್ರಕ್ಕಷ್ಟೇ ಬೆಲೆ. ಬೋರ್ಡುಗಳು ಕೈಯಿಂದ ಕೈಗೆ ದಾಟಿ ದೆಹಲಿಯ ಸೀಲಾಂಪುರದಂಥ, ಉತ್ತರ ಪ್ರದೇಶದ ಮೊರಾದಾಬಾದಿನಂಥ ಕಡೆಗಳಿಗೆ ಸೇರುತ್ತವೆ. ಮೊರಾದಾಬಾದಿನಲ್ಲಿ ರಾಮಗಂಗಾ ನದಿಯ ದಂಡೆಯಲ್ಲಿ ಬೋರ್ಡುಗಳನ್ನು ಸುಟ್ಟು, ತೊಳೆದು ಲೋಹ ತೆಗೆದದ್ದರ ಫಲವನ್ನು ಆ ನದಿ ಉಂಡಿದೆ. ತುಂಗೆ, ಶರಾವತಿ, ಅಘನಾಶಿನಿಯರ ಮಡಿಲಲ್ಲಿ ಇರುವವರು ರಾಮಗಂಗೆಯ ದಂಡೆಯವರ ಬಗ್ಗೆ ಯೋಚಿಸಬೇಡವೇ?

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ 2022ರಲ್ಲಿ ಲೋಕದಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ದಾಖಲೆಯಿರುವುದು ಶೇಕಡ 22.3ಕ್ಕೆ ಮಾತ್ರ. ಭಾರತದಲ್ಲಿ ಇ-ತ್ಯಾಜ್ಯದ ಮೊದಲ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. ಈಗ ಜಾರಿಯಲ್ಲಿರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಅನ್ವಯಿಸುತ್ತಿವೆ. ಇವುಗಳ ಪ್ರಕಾರ ಟಿ.ವಿ. ಮಾರಿದ ಕಂಪನಿಗಳೇ ಆಯುಸ್ಸು ಮುಗಿದ ಸರಕಿನ ಮರುಬಳಕೆಗೆ ಹೊಣೆ; ಗುರಿಯ ಪ್ರಮಾಣ 2023-24ರಲ್ಲಿ ಶೇಕಡ 60ರಿಂದ ಆರಂಭವಾಗಿ 2027-28ರ ಹೊತ್ತಿಗೆ 80ಕ್ಕೆ ಏರುತ್ತದೆ. ಕಾಗದದ ಮೇಲೆ ಎಲ್ಲವೂ ಸೊಗಸಾಗಿದೆ. ಆದರೆ ಘಟ್ಟದ ಒಂದು ಹಳ್ಳಿಯಿಂದ ಅಧಿಕೃತ ಮರುಬಳಕೆ ಘಟಕಕ್ಕೆ ಕೆಟ್ಟ ಟಿ.ವಿ.ಯನ್ನು ತಲುಪಿಸುವ ದಾರಿ ಯಾವುದು? ಕಂಪನಿಯ ಪ್ರಚಾರದ ಫಲಕ ತಲುಪುವ ಊರಿಗೆ ಅದರ ಸಂಗ್ರಹಣ ವಾಹನ ಏಕೆ ತಲುಪುವುದಿಲ್ಲ?

ಪೆಟ್ಟಿಗೆಯೊಳಗಿನ ಗಣಿ

ಘಟ್ಟದ ಜನರಿಗೆ ಈ ಪ್ರಶ್ನೆ ಇನ್ನೂ ಒಂದು ಕಾರಣಕ್ಕೆ ಹತ್ತಿರದ್ದು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯನ್ನು ನಿಲ್ಲಿಸಲು ವರ್ಷಗಟ್ಟಲೆ ಹೋರಾಟ ನಡೆಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಕಟ್ಟಿದ ಅಣೆಕಟ್ಟಿನಿಂದ ನಾಡಿಗೆ ಬೆಳಕು ಬಂತು, ಮುಳುಗಡೆಯವರ ಬದುಕಿಗೆ ಕತ್ತಲು ಬಂತು. ಬೆಟ್ಟ ಅಗೆಯುವುದರ, ಕಣಿವೆ ಮುಳುಗಿಸುವುದರ ಬೆಲೆ ಏನೆಂಬುದನ್ನು ಈ ಪ್ರದೇಶದ ಜನರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆದರೆ ಪ್ರತಿ ಹೊಸ ಟಿ.ವಿ.ಯೊಳಗೂ ಒಂದು ಗಣಿ ಅಡಗಿದೆ. ಬೋರ್ಡಿನ ತಾಮ್ರ, ಬೆಸುಗೆಯ ತವರ, ಚೌಕಟ್ಟಿನ ಅಲ್ಯೂಮಿನಿಯಂ, ಪರದೆಯ ಮೇಲಿನ ಕಾಣದ ಲೇಪದಲ್ಲಿರುವ ಇಂಡಿಯಂ, ಸಂಪರ್ಕಗಳ ಮೇಲಿನ ಚಿನ್ನದ ಲೇಪ, ಎಲ್ಲವೂ ಯಾವುದೋ ನೆಲದ ಒಡಲಿನಿಂದ ಬಂದವು. ತವರಕ್ಕಾಗಿ ಇಂಡೋನೇಷ್ಯಾದ ಬಾಂಗ್ಕಾ ದ್ವೀಪದ ಕಾಡನ್ನೂ ಕಡಲನ್ನೂ ಅಗೆದಿದ್ದಾರೆ. ಇಂಡಿಯಂ ಹುಟ್ಟುವುದು ಬಹುಪಾಲು ಸತುವಿನ ಅದಿರಿನ ಸಂಸ್ಕರಣೆಯ ಉಪಉತ್ಪನ್ನವಾಗಿ. ಸ್ವಂತ ಬೆಟ್ಟವನ್ನು ಉಳಿಸಿಕೊಂಡು ಪರರ ಬೆಟ್ಟವನ್ನು ಕರಗಿಸುವ ಕೊಳ್ಳುವಿಕೆಯಲ್ಲಿ ತೊಡಗಿದರೆ ಅದು ಯಾವ ಚಳವಳಿ? ಗಣಿ ಬೇಡ ಎನ್ನುವವರಿಗೆ ದುರಸ್ತಿ ಬೇಕು ಎನ್ನುವ ಹೊಣೆಯೂ ಬರುತ್ತದೆ. ಟಿ.ವಿ.ಯೊಂದನ್ನು ಮೂರು ವರ್ಷ ಹೆಚ್ಚು ಬಾಳಿಸಿದರೆ ಎಲ್ಲೋ ಒಂದು ಬೆಟ್ಟದ ಮೇಲಿನ ಒತ್ತಡ ಅಷ್ಟರಮಟ್ಟಿಗಾದರೂ ಹಗುರವಾಗುತ್ತದೆ.

ದುರಸ್ತಿಯ ಹಕ್ಕು

ದುರಸ್ತಿ ಇಂದು ಕಷ್ಟವಾಗಿರುವುದಕ್ಕೆ ಮೆಕ್ಯಾನಿಕ್ಕುಗಳನ್ನು ದೂಷಿಸುವುದು ಅನ್ಯಾಯ. ಹಿಂದಿನ ಟಿ.ವಿ.ಯ ಹಿಂಬದಿಗೆ ಅದರ ಸರ್ಕೀಟಿನ ನಕ್ಷೆಯನ್ನು ಅಂಟಿಸಿಕೊಡುವ ರೂಢಿಯೂ ಇತ್ತು. ಇಂದು ಅನೇಕ ಕಂಪನಿಗಳ ನಕ್ಷೆ ಹೊರಗಿನವರಿಗೆ ಸಿಗುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ಮಾದರಿ ಸಂಖ್ಯೆಯ ಒಂದಕ್ಷರ ಬದಲಾದರೆ ಹೊಂದುವುದಿಲ್ಲ. ಹೀಗಾಗಿ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕು ಬೆಸುಗೆ ಕೋಲನ್ನು ಬದಿಗಿಟ್ಟು ಮೊಬೈಲ್ ಕವರು ಮಾರಲು ಕೂರುತ್ತಾನೆ. ಒಂದು ಕಸುಬು ಹೀಗೆ ಸದ್ದಿಲ್ಲದೆ ಅಳಿಯುತ್ತದೆ.

ಹಿಂದೊಮ್ಮೆ ಹೀಗಿರಲಿಲ್ಲ ಎಂಬುದನ್ನು ಇತಿಹಾಸ ಹೇಳುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ, ಅಂದರೆ ‘ಸೈಟ್’ ಯೋಜನೆಯಲ್ಲಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿ.ವಿ.ಗಳನ್ನು ಕೊಡಲಾಗಿತ್ತು. ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಹಳ್ಳಿಗೆ ಟಿ.ವಿ. ಬರುವಾಗ ಅದನ್ನು ಸುಸ್ಥಿತಿಯಲ್ಲಿಡುವ ಏರ್ಪಾಡೂ ಅಂದಿನ ಯೋಜನೆಯ ಅಂಗವಾಗಿಯೇ ಬಂದಿತ್ತು. ಇಂದು ಟಿ.ವಿ. ಮಾತ್ರ ಬರುತ್ತದೆ, ಏರ್ಪಾಡು ಬರುವುದಿಲ್ಲ.

ಬೇರೆ ದೇಶಗಳು ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿವೆ. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಟಿ.ವಿ. ಕಂಪನಿಗಳು ಪವರ್ ಬೋರ್ಡ್ ಮೊದಲಾದ ಮುಖ್ಯ ಬಿಡಿಭಾಗಗಳನ್ನು, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಏಳು ವರ್ಷ ವೃತ್ತಿಪರ ದುರಸ್ತಿಗಾರರಿಗೆ ಒದಗಿಸಬೇಕು. ಫ್ರಾನ್ಸಿನಲ್ಲಿ 2021ರಿಂದ ಟಿ.ವಿ.ಗಳ ಮೇಲೆ ದುರಸ್ತಿಯ ಸುಲಭತೆಗೆ ಹತ್ತಕ್ಕೆ ಇಷ್ಟು ಎಂಬ ಅಂಕವನ್ನು ಮುದ್ರಿಸುವುದು ಕಡ್ಡಾಯವಾಯಿತು. 2025ರಲ್ಲಿ ಅದರ ಜಾಗಕ್ಕೆ ಬಾಳಿಕೆಯನ್ನೂ ಅಳೆಯುವ ಅಂಕ ಬಂತು. ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣವನ್ನು ತೆರೆಯಿತು. 2025ರ ಮೇ ತಿಂಗಳಲ್ಲಿ ದುರಸ್ತಿ ಸೂಚ್ಯಂಕದ ಕುರಿತ ಸಮಿತಿಯ ವರದಿಯೂ ಇಲಾಖೆಯ ಕೈಸೇರಿತು. ಇವು ಸ್ವಾಗತಾರ್ಹ. ಆದರೆ ಜಾಲತಾಣದಿಂದ ಹಳ್ಳಿಗೆ ಬೋರ್ಡ್ ಬರುವುದಿಲ್ಲ. ಬಿಡಿಭಾಗ, ನಕ್ಷೆ ಮತ್ತು ನ್ಯಾಯವಾದ ಬೆಲೆ, ಈ ಮೂರನ್ನೂ ಕಡ್ಡಾಯಗೊಳಿಸುವ ಕಾನೂನು ಟಿ.ವಿ.ಗೂ ಬರಬೇಕು.

ಊರು ಮಾಡಬಹುದಾದದ್ದು

ಕಾನೂನು ಬರುವವರೆಗೆ ಊರು ಕೈಕಟ್ಟಿ ಕೂರಬೇಕಾಗಿಲ್ಲ. ಕೆಡದಂತೆ ನೋಡಿಕೊಳ್ಳುವುದೇ ಮೊದಲ ದುರಸ್ತಿ. ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಎರಡನ್ನೂ ಕೀಳಬೇಕು. ಮೋಡ ತಲೆಯ ಮೇಲೆ ಬಂದ ಮೇಲಲ್ಲ, ಬರುವ ಮುನ್ನ. ಒಂದನ್ನು ಕಿತ್ತು ಇನ್ನೊಂದನ್ನು ಬಿಟ್ಟರೆ ಸಿಡಿಲಿಗೆ ಅರ್ಧ ಬಾಗಿಲು ತೆರೆದಿಟ್ಟಂತೆ. ಸ್ಟೆಬಿಲೈಸರ್ ಸಿಡಿಲನ್ನು ತಡೆಯುವುದಿಲ್ಲ. ಮನೆಯ ಅರ್ಥಿಂಗ್ ಸರಿಯಾಗಿರಬೇಕು. ಚಾಲೂ ಇರುವಾಗ ಟಿ.ವಿ.ಯ ಹಿಂಬದಿಗೆ ಗಾಳಿಯಾಡಬೇಕು, ಮೇಲೆ ಬಟ್ಟೆ ಹೊದಿಸಬಾರದು. ಎಲ್‌ಇಡಿ ಟಿ.ವಿ.ಯ ಹಿಂದಿನ ಬೆಳಕಿನ ಪ್ರಮಾಣವನ್ನು ಅಂಗಡಿಯಲ್ಲಿದ್ದ ಗರಿಷ್ಠ ಮಟ್ಟದಿಂದ ಅರ್ಧದ ಹತ್ತಿರಕ್ಕೆ ಇಳಿಸಿದರೆ ಪಟ್ಟಿಗಳು ತಂಪಾಗಿದ್ದು ಹೆಚ್ಚು ಕಾಲ ಬಾಳುತ್ತವೆ, ಕರೆಂಟೂ ಉಳಿಯುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಾದರೂ ಚಾಲೂ ಮಾಡಿದರೆ ಒಳಗಿನ ಥಂಡಿ ಆರುತ್ತದೆ.

ಎರಡನೆಯದು ಸಂಗ್ರಹ. ಗ್ರಾಮ ಪಂಚಾಯಿತಿಯೋ ಸೇವಾ ಸಹಕಾರಿ ಸಂಘವೋ ಒಂದು ಒಣ ಕೋಣೆಯನ್ನು ಗೊತ್ತುಮಾಡಿ, ದುರಸ್ತಿಗೆ ಸಲ್ಲದ ಟಿ.ವಿ.ಗಳನ್ನು ಒಡೆಯದೆ ಅಲ್ಲಿ ಕೂಡಿಡಬಹುದು. ಒಂದು ಟಿ.ವಿ.ಗಾಗಿ ಯಾವ ಕಂಪನಿಯೂ ಘಟ್ಟ ಹತ್ತುವುದಿಲ್ಲ. ನೂರು ಟಿ.ವಿ. ಕೂಡಿದ್ದರೆ ನೋಂದಾಯಿತ ಮರುಬಳಕೆದಾರರನ್ನು ಕರೆಸಲು, ಜವಾಬ್ದಾರಿಯನ್ನು ಕಂಪನಿಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ನೆನಪಿಸಲು ಪಂಚಾಯಿತಿಗೆ ಬಲ ಬರುತ್ತದೆ. ಹೀಗೆ ಕೂಡಿಟ್ಟವುಗಳಲ್ಲಿ ಪ್ಯಾನೆಲ್ ಒಡೆದ ಟಿ.ವಿ.ಯ ಪವರ್ ಬೋರ್ಡ್ ಇನ್ನೊಂದರ ಪ್ರಾಣ ಉಳಿಸಬಹುದು. ಮಾದರಿ ಸಂಖ್ಯೆಗಳ ಪಟ್ಟಿಯೊಂದನ್ನು ಬರೆದಿಟ್ಟರೆ ಬಿಡಿಭಾಗಕ್ಕಾಗಿ ಶಿವಮೊಗ್ಗೆಗೋ ಬೆಂಗಳೂರಿಗೋ ಅಲೆಯುವುದು ತಪ್ಪುತ್ತದೆ.

ಮೂರನೆಯದು ವಿದ್ಯೆ. ಐ.ಟಿ.ಐ., ಡಿಪ್ಲೊಮಾ ಕಾಲೇಜುಗಳ ವಿದ್ಯಾರ್ಥಿಗಳು ಹಳೆಯ ಮೆಕ್ಯಾನಿಕ್ಕುಗಳ ಬಳಿ ರಜೆಯ ಒಂದು ತಿಂಗಳು ಕುಳಿತರೆ ಪುಸ್ತಕದಲ್ಲಿಲ್ಲದ ಪಾಠ ಸಿಗುತ್ತದೆ. ಪ್ರೌಢಶಾಲೆಯ ಮಕ್ಕಳು ತಮ್ಮೂರಿನ ಟಿ.ವಿ.ಗಳ ಗಣತಿ ಮಾಡಬಹುದು: ಎಷ್ಟು ನಡೆಯುತ್ತಿವೆ, ಎಷ್ಟು ಅಟ್ಟದಲ್ಲಿವೆ, ಏನು ಕೆಟ್ಟು ಅಟ್ಟ ಸೇರಿದವು, ಎಷ್ಟಕ್ಕೆ ಟಾರ್ಚಿನ ಪರೀಕ್ಷೆಯಾಗಿದೆ? ಗಿಡಮರಗಳ ಗಣತಿಯಷ್ಟೇ ಉಪಯುಕ್ತವಾದ ಕೆಲಸವಿದು.

ಹಳೆಯದೆಲ್ಲವನ್ನೂ ಉಳಿಸಲೇಬೇಕೆಂಬ ಹಟ ಬೇಡ. ಒಡೆದ ಪ್ಯಾನೆಲ್ಲಿಗೆ, ಮುಪ್ಪಾದ ಟ್ಯೂಬಿಗೆ ಗೌರವದ ವಿದಾಯ ಹೇಳಿ ಸರಿಯಾದ ಕೈಗೆ ಒಪ್ಪಿಸುವುದೂ ಪರಿಸರ ಧರ್ಮವೇ. ಬೇಡವಾದದ್ದು ಕೇಳದೆ, ನೋಡದೆ, ಲೆಕ್ಕ ಹಾಕದೆ ಎಸೆಯುವ ಸೋಮಾರಿತನ. ಮಲೆನಾಡಿನ ಮನೆಗಳಲ್ಲಿ ಮುರಿದ ನೇಗಿಲಿಗೆ, ಸೋರುವ ಕೊಡಕ್ಕೆ, ಹರಿದ ಕಂಬಳಿಗೆ ಒಂದು ಮದ್ದು ಹುಡುಕುವ ಬುದ್ಧಿ ಎಂದೂ ಬತ್ತಿರಲಿಲ್ಲ. ಆ ಬುದ್ಧಿ ಪ್ಲಗ್ಗು ಇರುವ ವಸ್ತುಗಳ ಮುಂದೆ ಮಾತ್ರ ಸೋಲಬೇಕಾದ ಕಾರಣವಿಲ್ಲ. ಈ ಮಳೆಗಾಲಕ್ಕೆ ಮುನ್ನ ಪ್ರತಿ ಊರಿನಲ್ಲೂ ಅಟ್ಟದ ಮೇಲಿನ ಒಂದಾದರೂ ಟಿ.ವಿ.ಯನ್ನು ಕೆಳಗಿಳಿಸಿ ಅದರ ರೋಗ ಯಾವುದೆಂದು ತಿಳಿಯುವ ಕೆಲಸ ಆಗಲಿ. ತಿಳಿದ ಮೇಲೆ ಉಳಿಸುವುದೋ ಒಪ್ಪಿಸುವುದೋ ಎಂಬ ತೀರ್ಮಾನ ಕಷ್ಟವಾಗದು.